ಬೇನೆಯ ಹೆಸರುಗಳು

ಶಾಲೆಯ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ನಮ್ಮನ್ನು ಕೇಳಿದಾಗ, ಹಳೆಯ ವಿದ್ಯಾರ್ಥಿನಿಯರಾದ ನಾವು ಆಟಪಾಠಗಳ ನೆನಪುಗಳನ್ನು ಬರೆಯುವೆವೆಂದು ಅವರು ಎಣಿಸಿದ್ದಿರಬಹುದು. ಆ ಕೆಲಸವನ್ನು ನಮಗಿಂತ ಸೊಗಸಾಗಿ ಮಾಡತಕ್ಕವರು ಹಲವರಿದ್ದಾರೆ. ನಾವಾದರೋ ಶಾಲೆಯನ್ನು ಬಿಟ್ಟ ತರುವಾಯ ದಾದಿಯ ವಿದ್ಯೆಯನ್ನು ಕಲಿತು, ಹುಮನಾಬಾದು ಮತ್ತು ಬಸವಕಲ್ಯಾಣ ತಾಲೂಕುಗಳ ಹಳ್ಳಿಗಳಲ್ಲಿ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ರೋಗಿಗಳ ಮಗ್ಗುಲಲ್ಲಿ ಕುಳಿತವರು. ಆ ಅವಧಿಯಲ್ಲಿ ಔಷಧಗಳ ವಿಷಯವಾಗಿ ಕಲಿತದ್ದಕ್ಕಿಂತ ಮಾತುಗಳ ವಿಷಯವಾಗಿ ಕಲಿತದ್ದೇ ಅಧಿಕವೆಂದು ನಮಗೆ ತೋರುತ್ತದೆ. ಆದಕಾರಣ ರೋಗಶಾಸ್ತ್ರದ ಮೊದಲ ಪಾಠದಲ್ಲಿ ಬರುವ ಕೆಲವು ಶಬ್ದಗಳನ್ನು ಕುರಿತು, ಅವು ನಮ್ಮ ಸೀಮೆಯ ಬಾಯಿಗಳಲ್ಲಿ ಹೇಗೆ ತಿರುಗುತ್ತವೆಂಬುದನ್ನು ಕುರಿತು, ನಾಲ್ಕು ಮಾತುಗಳನ್ನು ಬರೆಯುತ್ತೇವೆ.

ನಮ್ಮದು ನಾಲ್ಕು ಭಾಷೆಗಳು ಕೂಡುವ ಸೀಮೆ. ಹುಮನಾಬಾದಿನ ಸಂತೆಯಲ್ಲಿ ಒಂದು ಗಳಿಗೆ ನಿಂತರೆ ಕನ್ನಡ, ಉರ್ದು, ಮರಾಠಿ, ತೆಲುಗುಗಳೆಲ್ಲ ಕಿವಿಗೆ ಬೀಳುತ್ತವೆ. ಅಂದಮೇಲೆ ಅಸ್ವಾಸ್ಥ್ಯಕ್ಕೂ ಹೆಸರುಗಳು ಹಲವು. ಪುಸ್ತಕದಲ್ಲಿ ರೋಗ, ವ್ಯಾಧಿ. ಮನೆಯಲ್ಲಿ ಬೇನೆ, ಜಡ್ಡು. ನೆರೆಮನೆಯ ಮುಸಲ್ಮಾನ ತಾಯಂದಿರಲ್ಲಿ ಬೀಮಾರಿ. ನಿಜಾಮರ ಆಳಿಕೆಯು ಬೀದರ ಸೀಮೆಯ ಮೇಲೆ 1948ರ ವರೆಗೂ ಇದ್ದುದರಿಂದ ದವಾಖಾನೆ, ಹಕೀಮ, ತಬಿಯತ್ತು, ಪರಹೇಜು ಎಂಬ ಮಾತುಗಳು ಈಗಲೂ ನಮ್ಮ ಮುದುಕಿಯರ ನಾಲಗೆಯ ಮೇಲೆ ಸಹಜವಾಗಿ ಬರುತ್ತವೆ. ಹೈದರಾಬಾದಿನಲ್ಲಿ 1917ರಲ್ಲಿ ಸ್ಥಾಪಿತವಾದ ಭಾಷಾಂತರ ಕಾರ್ಯಾಲಯವು ಪಾಶ್ಚಾತ್ಯ ಶಾಸ್ತ್ರಗಳ ಪರಿಭಾಷೆಯನ್ನೆಲ್ಲ ಉರ್ದುವಿಗೆ ತರುವ ಕಾರ್ಯವನ್ನು ಕೈಗೊಂಡಿತು. ಮರುವರ್ಷ ಹುಟ್ಟಿದ ಉಸ್ಮಾನಿಯ ವಿಶ್ವವಿದ್ಯಾಲಯದಲ್ಲಿ ವೈದ್ಯವಿದ್ಯೆಯನ್ನು ಸಹ ಆ ಭಾಷೆಯಲ್ಲಿಯೇ ಕಲಿಸಿದರು. ಒಂದು ದೇಶಭಾಷೆಯಲ್ಲಿ ಶರೀರಶಾಸ್ತ್ರವನ್ನೂ ರೋಗಶಾಸ್ತ್ರವನ್ನೂ ಕಲಿಸಬಹುದೆಂದು ತೋರಿಸಿಕೊಟ್ಟ ಆ ಸಾಹಸವು ಸಾಮಾನ್ಯವಾದುದಲ್ಲ. ಆದರೆ ಆ ಶಬ್ದಗಳು ಕನ್ನಡದ ಹೊಲಗಳ ವರೆಗೆ ಬರಲಿಲ್ಲವೆಂಬುದೂ ನಿಜವೇ.

ಈ ಹಲವು ಹೆಸರುಗಳಿಂದ ಗೊಂದಲವಾಗುವುದೆಂದು ಕೆಲವರು ಬೇಸರಪಡುತ್ತಾರೆ. ನಮ್ಮ ಅಭಿಪ್ರಾಯವು ಬೇರೆ. ರೋಗವೆಂದರೆ ದೇಹದೊಳಗೆ ನಡೆದಿರುವ ಕೆಡುಕು. ಅದನ್ನು ವೈದ್ಯನು ಕಂಡುಹಿಡಿಯುತ್ತಾನೆ. ಬೇನೆಯೆಂದರೆ ಮನುಷ್ಯನು ಅನುಭವಿಸುವ ಸಂಕಟ. ಅದನ್ನು ಅವನು ಮಾತ್ರ ಬಲ್ಲನು. ಪಾಶ್ಚಾತ್ಯ ಪಂಡಿತರು ಇಪ್ಪತ್ತನೆಯ ಶತಮಾನದಲ್ಲಿ ಬಹಳ ಚರ್ಚಿಸಿ ಪ್ರತ್ಯೇಕಿಸಿದ ಈ ಎರಡು ಅರ್ಥಗಳು ನಮ್ಮ ಎರಡು ಮಾತುಗಳಲ್ಲಿ ತಾವಾಗಿಯೇ ಹೊಂದಿ ಕುಳಿತಿವೆ. ರಕ್ತದ ಒತ್ತಡವು ಏರಿದವನಿಗೆ ಬಹುಕಾಲ ಏನೂ ತೋರದು. ಅವನಿಗೆ ರೋಗವುಂಟು, ಬೇನೆಯಿಲ್ಲ. ಮಗುವನ್ನು ಕಳೆದುಕೊಂಡ ತಾಯಿಗೆ ತಿಂಗಳುಗಟ್ಟಲೆ ಎದೆ ಒತ್ತುತ್ತದೆ, ಯಂತ್ರಗಳಿಗೆ ಏನೂ ಕಾಣದು. ಆಕೆಗೆ ಬೇನೆಯುಂಟು, ವೈದ್ಯನ ಚೀಟಿಯಲ್ಲಿ ಬರೆಯಲು ರೋಗವಿಲ್ಲ. ಹೆರಿಗೆಯ ಬೇನೆಯಂತೂ ರೋಗವೇ ಅಲ್ಲ. ಇನ್ನು ಜಡ್ಡು ಎಂಬುದು ಜಾಡ್ಯ ಎಂಬುದರ ಮನೆಮಾತು. ಜಡವಾಗಿ ಬೀಳುವುದು, ಕೆಲಸಕ್ಕೆ ಹೋಗಲಾರದಿರುವುದು ಎಂಬ ಅರ್ಥವು ಅದರಲ್ಲಿ ಅಡಗಿದೆ. ‘ಜಡ್ಡು ಬಂದದ’ ಎಂದು ಹೇಳಿದವಳನ್ನು ಅತ್ತೆಯೂ ಆ ದಿನ ನೀರಿಗೆ ಕಳುಹಿಸುವುದಿಲ್ಲ. ‘ಬೇನೆ ಅದ’ ಎಂದಷ್ಟೇ ಹೇಳಿದರೆ ಕಳುಹಿಸುವುದುಂಟು.

ಲಕ್ಷಣ ಮತ್ತು ಚಿಹ್ನೆ ಎಂಬ ಎರಡು ಶಬ್ದಗಳನ್ನು ಸಹ ವಿದ್ಯಾರ್ಥಿನಿಯರು ಬೇರ್ಪಡಿಸಿಕೊಳ್ಳಬೇಕು. ರೋಗಿಯು ಹೇಳುವುದು ಲಕ್ಷಣ. ನೋಡುವವನು ಕಾಣುವುದು ಚಿಹ್ನೆ. ‘ಮೈಯೆಲ್ಲ ಸುಡುತದ’ ಎಂಬುದು ಮೊದಲನೆಯದು; ಉಷ್ಣಮಾಪಕದಲ್ಲಿ ಪಾದರಸವು ಏರಿ ನಿಂತದ್ದು ಎರಡನೆಯದು. ಹಲವು ಲಕ್ಷಣಗಳೂ ಚಿಹ್ನೆಗಳೂ ಕೂಡಿಯೇ ನಡೆಯುವಾಗ ಆ ಗುಂಪಿಗೆ ಸಿಂಡ್ರೋಮ್ ಎನ್ನುತ್ತಾರೆ. ಒಟ್ಟಿಗೆ ಓಡುವುದು ಎಂದು ಆ ಗ್ರೀಕ್ ಮಾತಿನ ಅರ್ಥ. ಇಲ್ಲಿ ಬಹು ಜನರು ತಪ್ಪುವ ಒಂದು ಸ್ಥಳವುಂಟು. ಜ್ವರವು ರೋಗವಲ್ಲ, ರೋಗದ ಲಕ್ಷಣ. ನಮ್ಮ ಮನೆತನದ ಹಿರಿಯರಲ್ಲಿ ಯಾರು ಹೇಗೆ ತೀರಿಕೊಂಡರೆಂದು ಕೇಳಿದರೆ, ಐದು ಮಂದಿಯಲ್ಲಿ ಮೂವರಿಗೆ ‘ಜ್ವರ ಬಂದು’ ಎಂಬ ಒಂದೇ ಉತ್ತರವು ದೊರೆಯುತ್ತದೆ. ಮಲೇರಿಯವೋ, ವಿಷಮಶೀತ ಜ್ವರವೋ, ಬಾಣಂತಿಯ ನಂಜೋ, ಇನ್ನು ಯಾರೂ ಹೇಳಲಾರರು. ಹೆಸರಿಲ್ಲದೆ ಹೋದ ಆ ಹೆಂಗಸರು ನಮಗೆ ಆಗಾಗ ನೆನಪಾಗುತ್ತಾರೆ.

ಹಾಗೆಂದು ಹಳಬರು ಜ್ವರಗಳನ್ನು ಗಮನಿಸಲೇ ಇಲ್ಲವೆಂದು ತಿಳಿಯಬಾರದು. ವಿಷಮಶೀತ ಜ್ವರಕ್ಕೆ ನಮ್ಮ ಕಡೆ ಮುದ್ದತಿನ ಜ್ವರವೆಂದೂ ಮಿಯಾದಿ ಬುಖಾರವೆಂದೂ ಹೆಸರುಗಳಿದ್ದುವು. ಗೊತ್ತಾದ ಗಡುವಿನ ವರೆಗೆ ಇದ್ದು ಹೋಗತಕ್ಕದ್ದು ಎಂದು ಅರ್ಥ. ಔಷಧ ದೊರೆಯದಿದ್ದ ಕಾಲದಲ್ಲಿ ಅದು ಮೂರು ನಾಲ್ಕು ವಾರಗಳ ಕಾಲ ನಡೆಯುತ್ತಿದ್ದುದನ್ನು ನೋಡಿದರೆ ಆ ಹೆಸರು ಎಷ್ಟು ಸರಿಯಾದುದೆಂಬುದು ತಿಳಿಯುತ್ತದೆ. ಆಯುರ್ವೇದದವರು ತೃತೀಯಕ, ಚತುರ್ಥಕವೆಂದು ಹೆಸರಿಸಿದ ಬಿಟ್ಟು ಬಿಟ್ಟು ಬರುವ ಜ್ವರಗಳೂ ಹಾಗೆಯೇ. ತೃತೀಯಕವು ಮೂರು ದಿನಗಳಿಗೊಮ್ಮೆ ಬರುವುದಲ್ಲ, ದಿನ ಬಿಟ್ಟು ದಿನ ಬರುವುದು. ಜ್ವರ ಬಂದ ದಿನವನ್ನೇ ಒಂದೆಂದು ಎಣಿಸಿದರೆ ಮತ್ತೆ ಬರುವ ದಿನವು ಮೂರನೆಯದಾಗುತ್ತದೆ. ರೋಮದ ವೈದ್ಯರು ಎಣಿಸಿದ್ದೂ ಇದೇ ರೀತಿ. ಇಂಗ್ಲಿಷಿನಲ್ಲಿಯೂ ಆ ಹೆಸರೇ ಉಳಿದಿದೆ. ಸಮುದ್ರದ ಆಚೆಯವರೂ ಈಚೆಯವರೂ ಹಾಸಿಗೆಯ ಬಳಿ ಕುಳಿತು ದಿನಗಳನ್ನು ಒಂದೇ ವಿಧವಾಗಿ ಎಣಿಸಿದರೆಂಬುದು ನಮಗೆ ಬಹಳ ಮೆಚ್ಚಿಕೆಯಾದ ಸಂಗತಿ. ಆ ಜ್ವರದ ಇಟಾಲಿಯನ್ ಹೆಸರಾದ ಮಲೇರಿಯಕ್ಕೆ ಕೆಟ್ಟ ಗಾಳಿ ಎಂದು ಅರ್ಥ. ಕಾರಣವು ಗಾಳಿಯಲ್ಲ, ಸೊಳ್ಳೆ ಎಂಬುದಕ್ಕೆ ಆಧಾರವು ದೊರೆತದ್ದು ನಮ್ಮ ರಾಜಮಾರ್ಗದ ತುದಿಯಲ್ಲಿಯೇ. ಹುಮನಾಬಾದನ್ನು ಹಾದು ಮೂಡಣಕ್ಕೆ ಹೋಗುವ ರಸ್ತೆಯು ಮುಟ್ಟುವ ಸಿಕಂದರಾಬಾದಿನಲ್ಲಿ 1897ನೆಯ ಇಸವಿಯ ಆಗಸ್ಟ್ 20ರಂದು ರೊನಾಲ್ಡ್ ರಾಸರು ಸೊಳ್ಳೆಯ ಹೊಟ್ಟೆಯಲ್ಲಿ ಆ ಪರೋಪಜೀವಿಯನ್ನು ಕಂಡರು. ಕಾರಣವು ಬದಲಾದರೂ ಹೆಸರು ಬದಲಾಗಲಿಲ್ಲ. ರೋಗಗಳ ಹೆಸರುಗಳು ಹಳೆಯ ಊಹೆಗಳ ಗೋರಿಗಳೆಂದು ನಾವು ಒಮ್ಮೊಮ್ಮೆ ಎಂದುಕೊಳ್ಳುತ್ತೇವೆ.

ಕಾರಣವೆಂದೊಡನೆ ನಿದಾನವೆಂಬ ಶಬ್ದವು ಬರುತ್ತದೆ. ಆಯುರ್ವೇದದಲ್ಲಿ ಇದಕ್ಕೆ ಎರಡು ಅರ್ಥಗಳು: ರೋಗದ ಕಾರಣವು ಒಂದು, ರೋಗವನ್ನು ನಿರ್ಣಯಿಸುವ ಕ್ರಮವು ಇನ್ನೊಂದು. ನಿರ್ಣಯದ ಸಾಧನಗಳನ್ನು ಐದೆಂದು ಹೇಳುತ್ತಾರೆ. ಕಾರಣವು ನಿದಾನ, ರೋಗವು ಕಾಣಿಸಿಕೊಳ್ಳುವುದಕ್ಕೆ ಮುಂಚೆ ತಲೆದೋರುವ ಮುನ್ಸೂಚನೆಯು ಪೂರ್ವರೂಪ, ಕಾಣಿಸಿಕೊಂಡ ರೋಗದ ಆಕಾರವು ರೂಪ, ಯಾವ ಔಷಧಕ್ಕೆ, ಯಾವ ಆಹಾರಕ್ಕೆ ತಗ್ಗುವುದೆಂದು ನೋಡಿ ತಿಳಿಯುವುದು ಉಪಶಯ, ಕಾರಣದಿಂದ ಕಾರ್ಯದ ವರೆಗೆ ದೇಹದೊಳಗೆ ನಡೆದ ಸಾಗಾಟವು ಸಂಪ್ರಾಪ್ತಿ. ಈ ಐದಕ್ಕೂ ಇಂದಿನ ವೈದ್ಯಗ್ರಂಥಗಳಲ್ಲಿ ಸರಿಹೊಂದುವ ಅಧ್ಯಾಯಗಳುಂಟು; ತ್ರಿದೋಷಗಳನ್ನು ಒಪ್ಪದವರೂ ಈ ಚೌಕಟ್ಟನ್ನು ಒಪ್ಪಬೇಕಾಗುತ್ತದೆ. ಇಲ್ಲಿ ಒಂದು ವಿನೋದವನ್ನು ಹೇಳದೆ ಮುಂದೆ ಹೋಗಲಾರೆವು. ನಮ್ಮ ಸೀಮೆಯ ಮಾತಿನಲ್ಲಿ ಮಹಾಪ್ರಾಣಗಳು ನಿಲ್ಲುವುದಿಲ್ಲ. ನಿಧಾನವೂ ನಿದಾನವೂ ಕಿವಿಗೆ ಒಂದೇ. ‘ರೋಗದ ನಿದಾನ ಆಗಬೇಕು’ ಎಂದು ಒಬ್ಬ ವೈದ್ಯರು ಹೇಳಿದ್ದಕ್ಕೆ ರೋಗಿಯ ಅಣ್ಣನು ಸಿಟ್ಟಾಗಿ ‘ನಿದಾನ ಯಾಕ್ರಿ, ಲಗೂನ ಮಾಡ್ರಿ’ ಎಂದದ್ದನ್ನು ನಾವು ಎದುರಿಗೇ ಕೇಳಿದ್ದೇವೆ.

ಬಸವಕಲ್ಯಾಣದ ವಿಷಯವನ್ನು ಬರೆಯುವವರು ಅಲ್ಲಿಯ ಕೋಟೆಯನ್ನೂ ಅನುಭವ ಮಂಟಪವನ್ನೂ ಹೇಳಿ ನಿಲ್ಲಿಸುವುದು ವಾಡಿಕೆ. ಆದರೆ ವೈದ್ಯಕದ ಕನ್ನಡಕ್ಕೂ ಆ ಊರಿಗೂ ಹಳೆಯ ನಂಟುಂಟು. ಕಲ್ಯಾಣದ ಚಾಲುಕ್ಯರ ವಂಶದ ಕೀರ್ತಿವರ್ಮನೆಂಬ ರಾಜಪುತ್ರನು, ಆರನೆಯ ವಿಕ್ರಮಾದಿತ್ಯನ ಸೋದರನು, ಹನ್ನೆರಡನೆಯ ಶತಮಾನದ ಆದಿಭಾಗದಲ್ಲಿ ‘ಗೋವೈದ್ಯ’ವೆಂಬ ಗ್ರಂಥವನ್ನು ಕನ್ನಡದಲ್ಲಿ ರಚಿಸಿದನು. ದನಗಳ ರೋಗಗಳಿಗೆ ಕನ್ನಡದ ಹೆಸರುಗಳನ್ನು ಬರೆದಿಡುವುದು ಅರಮನೆಯವನೊಬ್ಬನಿಗೆ ಕೀಳೆಂದು ತೋರಲಿಲ್ಲ. ಅದೇ ಶತಮಾನದಲ್ಲಿ ಬಸವಣ್ಣನವರ ಬಳಗದ ಶರಣರೊಳಗೆ ವೈದ್ಯ ಸಂಗಣ್ಣನೆಂಬ ವಚನಕಾರನಿದ್ದನು. ತನ್ನ ಕಸುಬಿನ ಶಬ್ದಗಳಾದ ರೋಗ, ಔಷಧ, ಪಥ್ಯಗಳನ್ನೇ ಹಿಡಿದು ಆತನು ಆತ್ಮದ ವಿಚಾರವನ್ನು ಹೇಳಿದನು. ಕೇಳಿದವರಿಗೆ ಆ ಶಬ್ದಗಳು ಮೊದಲೇ ತಿಳಿದಿದ್ದುವೆಂದಲ್ಲವೇ ಇದರ ಅರ್ಥ?

ಶಬ್ದವು ತಿಳಿದಿದ್ದರೆ ಸಾಲದು, ಅದು ಸರಿಯಾದ ರೋಗದ ಮೇಲೆ ಕುಳಿತಿರಬೇಕು. ಕುಷ್ಠವೆಂಬ ಹೆಸರಿನ ಕಥೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇವೆ. ನಮ್ಮ ಹೆಣ್ಣುಮಕ್ಕಳು ಇದರಿಂದ ಪಟ್ಟ ಪಾಡನ್ನು ನಾವು ಕಣ್ಣಾರೆ ಕಂಡಿರುವುದೇ ಅದಕ್ಕೆ ಕಾರಣ.

ಪುರಾತನ ವೈದ್ಯಗ್ರಂಥಗಳಲ್ಲಿ ಕುಷ್ಠವೆಂಬುದು ಒಂದು ರೋಗವಲ್ಲ, ಒಂದು ಕುಲ. ಏಳು ಮಹಾಕುಷ್ಠಗಳು, ಹನ್ನೊಂದು ಕ್ಷುದ್ರಕುಷ್ಠಗಳು, ಒಟ್ಟು ಹದಿನೆಂಟು. ನಾವು ಇಂದು ಗಜಕರ್ಣ, ಇಸಬು, ಕಜ್ಜಿ ಎನ್ನುವವುಗಳೂ ಅವುಗಳೊಳಗೇ ಸೇರಿದ್ದುವು. ಬಿಳಿಯ ಮಚ್ಚೆಯ ಶ್ವಿತ್ರವನ್ನು, ಎಂದರೆ ನಮ್ಮ ತೊನ್ನನ್ನು, ಅದೇ ಪ್ರಕರಣದ ಕೊನೆಯಲ್ಲಿ ಹೇಳಿದರು. ಪಾಶ್ಚಾತ್ಯರಲ್ಲಿಯೂ ಇಂಥದೇ ಬೆರಕೆ ನಡೆಯಿತು. ಹೀಬ್ರೂ ವೇದದಲ್ಲಿ ಚರ್ಮದ ಹಲವು ಕೆಡುಕುಗಳಿಗೆ ಹೇಳಿದ ಒಂದು ಶಬ್ದವನ್ನು ಗ್ರೀಕರು ಲೆಪ್ರಾ ಎಂದು ಭಾಷಾಂತರಿಸಿದರು. ಆ ಗ್ರೀಕ್ ಮಾತಿಗೆ ಹೊಟ್ಟೆದ್ದ ಚರ್ಮವೆಂದಷ್ಟೇ ಅರ್ಥವಿತ್ತು. ಅದು ಲ್ಯಾಟಿನಿಗೆ, ಇಂಗ್ಲಿಷಿಗೆ ಹೋಗಿ, ಕೊನೆಗೆ ಕನ್ನಡದಲ್ಲಿ ಕುಷ್ಠವಾಯಿತು. ಯಾಜಕಕಾಂಡದ ಹದಿಮೂರನೆಯ ಅಧ್ಯಾಯವನ್ನು ಶಾಲೆಯಲ್ಲಿ ಓದಿದವರು ನೆನಪಿಸಿಕೊಳ್ಳಲಿ: ಅಲ್ಲಿ ಬಟ್ಟೆಗೂ ಕುಷ್ಠವುಂಟು, ಮುಂದಿನ ಅಧ್ಯಾಯದಲ್ಲಿ ಮನೆಯ ಗೋಡೆಗೂ ಉಂಟು. ನಾರ್ವೆ ದೇಶದ ಹ್ಯಾನ್ಸನರು 1873ರಲ್ಲಿ ಕಂಡ ಸೂಕ್ಷ್ಮಜೀವಿಯು ಗೋಡೆಗೆ ಹತ್ತುವುದಿಲ್ಲ. ಹೀಗಿರಲಾಗಿ ಆ ವೇದಭಾಗದಲ್ಲಿ ಹೇಳಿದ್ದೆಲ್ಲವೂ ಇಂದಿನ ಕುಷ್ಠರೋಗವೆಂದು ತಿಳಿಯುವುದಕ್ಕೆ ಆಧಾರವಿಲ್ಲ.

ಇಂದಿನ ಅರ್ಥದ ಕುಷ್ಠವು ನರಗಳ ರೋಗವೂ ಹೌದು, ಚರ್ಮದ ರೋಗವೂ ಹೌದು. ಅದರ ಮಚ್ಚೆಯು ಸುಣ್ಣದಂತೆ ಬೆಳ್ಳಗಿರುವುದಿಲ್ಲ. ಮಾಸಲಾಗಿಯೋ ಕೆಂಪಾಗಿಯೋ ಇದ್ದು, ಅನೇಕ ವೇಳೆ ಅಲ್ಲಿ ಸ್ಪರ್ಶಜ್ಞಾನವು ಕುಂದಿರುತ್ತದೆ. ತೊನ್ನಿನ ಮಚ್ಚೆಯಾದರೋ ಹಾಲಿನ ಬಿಳುಪು. ಚರ್ಮಕ್ಕೆ ಬಣ್ಣ ಕೊಡುವ ಕಣಗಳು ಅಲ್ಲಿ ಅಳಿದಿರುತ್ತವೆ, ಅಷ್ಟೇ. ಮುಟ್ಟಿದರೆ ತಿಳಿಯುತ್ತದೆ, ಚುಚ್ಚಿದರೆ ನೋಯುತ್ತದೆ, ಯಾರಿಗೂ ಅಂಟುವುದಿಲ್ಲ. ಹುಮನಾಬಾದಿನ ಸಮೀಪದ ಒಂದು ಹಳ್ಳಿಯಲ್ಲಿ ಹತ್ತೊಂಬತ್ತು ವರ್ಷದ ಒಬ್ಬ ಹುಡುಗಿಗೆ ತುಟಿಯ ಅಂಚಿನಲ್ಲಿಯೂ ಬೆರಳ ತುದಿಗಳಲ್ಲಿಯೂ ಬಿಳುಪು ಕಾಣಿಸಿತು. ಯಾರೋ ಒಬ್ಬರು, ಅವರು ತಿಳಿದವರೆಂದು ಊರಿನಲ್ಲಿ ಹೆಸರಾದವರು, ಅದನ್ನು ಬಿಳಿಯ ಕುಷ್ಠವೆಂದರು. ನಿಶ್ಚಯವಾಗಿದ್ದ ಮದುವೆಯು ಮುರಿಯಿತು. ಹಿತ್ತಲಿನಲ್ಲಿ ಬೇರೆ ತಟ್ಟೆ, ಬೇರೆ ಲೋಟ. ನಾವು ಹೋದ ದಿನ ಆಕೆಯ ಕಣ್ಣು ಮುಚ್ಚಿಸಿ, ಮನೆಯವರೆಲ್ಲ ನೋಡುತ್ತಿರುವಾಗ, ಹತ್ತಿಯ ಎಳೆಯನ್ನು ಮಚ್ಚೆಯ ಮೇಲೆ ಎಲ್ಲೆಲ್ಲಿ ತಾಕಿಸಿದೆವೋ ಅಲ್ಲಲ್ಲಿ ಬೆರಳಿಟ್ಟು ತೋರಿಸುವಂತೆ ಹೇಳಿದೆವು. ಒಂದೂ ತಪ್ಪಲಿಲ್ಲ. ಬೀದರಿಗೆ ಕಳುಹಿಸಿ ವೈದ್ಯರಿಂದ ಬರೆಸಿಯೂ ತಂದೆವು. ತಾಯಿಯು ಅಂದೇ ತಟ್ಟೆಯನ್ನು ಒಳಗೆ ತಂದಳು. ಆದರೆ ಮುರಿದ ಸಂಬಂಧದವರು ಆ ಕಾಗದವನ್ನು ನೋಡಲೂ ಒಪ್ಪಲಿಲ್ಲ. ಒಂದು ಹೆಸರನ್ನು ಅಂಟಿಸುವುದಕ್ಕೆ ಒಂದು ನಿಮಿಷವು ಸಾಕು; ಕೀಳುವುದಕ್ಕೆ ನಮ್ಮ ಕೈಯಲ್ಲಿ ಎರಡು ವರ್ಷಗಳಾದುವು.

ನಿಜವಾದ ಕುಷ್ಠವು ಬಂದವರಾದರೂ ಹಿತ್ತಲಿಗೆ ಹೋಗತಕ್ಕವರೇ? ಹೈದರಾಬಾದ್ ಸಂಸ್ಥಾನದ ಡಿಚ್‌ಪಲ್ಲಿಯಲ್ಲಿ 1915ರಲ್ಲಿ ಇಸಾಬೆಲ್ ಕೆರ್ ಎಂಬ ವೈದ್ಯೆಯು ಅವರಿಗಾಗಿ ಆಸ್ಪತ್ರೆಯನ್ನು ತೆರೆದ ಕಾಲಕ್ಕೆ ಕೊಡುವುದಕ್ಕೆ ಚಾಲಮೂಗ್ರದ ಎಣ್ಣೆಯ ಹೊರತು ಹೆಚ್ಚೇನೂ ಇರಲಿಲ್ಲ. 1982ರಿಂದ ಹಲವು ಔಷಧಗಳನ್ನು ಕೂಡಿಸಿ ಕೊಡುವ ಚಿಕಿತ್ಸೆಯು ಬಂದಿದೆ. ಆರು ತಿಂಗಳು ಇಲ್ಲವೆ ಒಂದು ವರ್ಷದಲ್ಲಿ ರೋಗವು ವಾಸಿಯಾಗುತ್ತದೆ, ಔಷಧವು ಆರಂಭವಾದೊಡನೆಯೇ ಅಂಟುವ ಭಯವು ಹೋಗುತ್ತದೆ. ಹೀಗಿದ್ದರೂ 1898ರ ಕುಷ್ಠರೋಗಿಗಳ ಕಾನೂನನ್ನು ನಮ್ಮ ದೇಶದಲ್ಲಿ ರದ್ದು ಮಾಡಿದ್ದು 2016ರಲ್ಲಿ. ವಿವಾಹವಿಚ್ಛೇದಕ್ಕೆ ಕುಷ್ಠವೂ ಒಂದು ಕಾರಣವೆಂದು ಹಿಂದೂ, ಕ್ರೈಸ್ತ, ಮುಸಲ್ಮಾನ ಕಾನೂನುಗಳಲ್ಲಿ ಇದ್ದ ಮಾತನ್ನು ತೆಗೆದುಹಾಕಿದ್ದು 2019ರಲ್ಲಿ. ಔಷಧವು ಮೊದಲು ಬಂದಿತು, ಶಾಸನವು ಮೂರು ದಶಕಗಳ ಮೇಲೆ ಬಂದಿತು, ಜನರ ಮಾತು ಇನ್ನೂ ದಾರಿಯಲ್ಲಿದೆ.

ರೋಗಬೀಜವು ಒಳಹೊಕ್ಕ ದಿನಕ್ಕೂ ಲಕ್ಷಣವು ತೋರುವ ದಿನಕ್ಕೂ ನಡುವಣ ಕಾಲವನ್ನು ಇಂಗ್ಲಿಷರು ಕೋಳಿಯು ಕಾವಿಗೆ ಕೂರುವ ಮಾತಿನಿಂದಲೇ ಹೆಸರಿಸಿದ್ದಾರೆ. ಕಾವುಗಾಲವೆಂದರೆ ನಮ್ಮವರಿಗೆ ಚೆನ್ನಾಗಿ ತಿಳಿಯುತ್ತದೆ. ಕಾಲರಾಕ್ಕೆ ಅದು ಕೆಲವು ತಾಸುಗಳಿಂದ ಐದು ದಿನಗಳು. ಹುಚ್ಚುನಾಯಿಯ ಕಡಿತಕ್ಕೆ ಸಾಮಾನ್ಯವಾಗಿ ಎರಡು ಮೂರು ತಿಂಗಳು, ಆದಕಾರಣವೇ ಕಚ್ಚಿದ ಮೇಲೆ ಚುಚ್ಚಿದರೂ ಲಸಿಕೆಯು ಕಾಪಾಡುತ್ತದೆ. ಕುಷ್ಠಕ್ಕೆ ಸರಾಸರಿ ಐದು ವರ್ಷಗಳು, ಇಪ್ಪತ್ತೂ ಆಗಬಹುದು. ನಾರುಹುಣ್ಣಿಗೆ ಸುಮಾರು ಒಂದು ವರ್ಷ. ಈ ಕೊನೆಯದನ್ನು ಇಂದಿನ ಹುಡುಗಿಯರು ಕಂಡಿಲ್ಲ. ಕಾಣದಿರುವುದು ಅವರ ಪುಣ್ಯ. ಮೆಟ್ಟಿಲುಬಾವಿಯ ನೀರಿನಲ್ಲಿರುವ ಕಣ್ಣಿಗೆ ಕಾಣುವುದೇ ಕಷ್ಟವಾದಷ್ಟು ಸಣ್ಣ ಸೈಕ್ಲಾಪ್ಸ್ ಎಂಬ ಜಲಜಂತುವಿನೊಳಗೆ ಹುಳುವಿನ ಮರಿಯು ಇರುತ್ತಿತ್ತು. ಆ ನೀರನ್ನು ಸೋಸದೆ ಕುಡಿದವನ ದೇಹದೊಳಗೆ ಅದು ವರ್ಷವಿಡೀ ಬೆಳೆದು, ಮರುಬೇಸಿಗೆಗೆ ಎರಡು ಮೂರು ಅಡಿಗಳ ಉದ್ದದ ಬಿಳಿಯ ನಾರಾಗಿ ಕಾಲಿನಿಂದ ಹೊರಗೆ ಬರುತ್ತಿತ್ತು. ಉರಿಯನ್ನು ತಾಳಲಾರದೆ ಅವನು ಕಾಲನ್ನು ಅದೇ ಬಾವಿಯ ನೀರಿನಲ್ಲಿ ಅದ್ದಿದರೆ ಹುಳುವು ಅಲ್ಲಿ ಸಾವಿರಾರು ಮರಿಗಳನ್ನು ಬಿಡುತ್ತಿತ್ತು. ಕುಡಿದದ್ದು ಹೋದ ವರ್ಷ, ಹುಣ್ಣು ಈ ವರ್ಷ. ಎರಡಕ್ಕೂ ಸಂಬಂಧವನ್ನು ಯಾರು ಊಹಿಸಬೇಕು? ಪಂಡಿತರು ಇದಕ್ಕೆ ಲ್ಯಾಟಿನಿನಲ್ಲಿ ಪುಟ್ಟ ಘಟಸರ್ಪವೆಂದು ಹೆಸರಿಟ್ಟರು. ನಾರು ಎಂಬ ನಮ್ಮ ಹೆಸರೇ ಹೆಚ್ಚು ಸತ್ಯ.

ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಈ ರೋಗವು ಬಹಳವಾಗಿದ್ದಿತು. ನಾವು ಕೆಲಸಕ್ಕೆ ಸೇರಿದ ಹೊಸದರಲ್ಲಿ, 1980ರ ದಶಕದ ನಡುವಿನಲ್ಲಿ, ಸರಕಾರದವರು ಮೆಟ್ಟಿಲುಬಾವಿಗಳನ್ನು ಸೇದುವ ಬಾವಿಗಳಾಗಿ ಮಾರ್ಪಡಿಸಿ, ಕೊಳವೆಬಾವಿಗಳನ್ನು ತೋಡಿಸಿ, ಮನೆಮನೆಗೆ ಸೋಸುವ ಬಟ್ಟೆಯನ್ನು ಹಂಚಿಸಿದರು. ಔಷಧವೂ ಇಲ್ಲ, ಲಸಿಕೆಯೂ ಇಲ್ಲ, ಬಟ್ಟೆಯೊಂದು, ಹಗ್ಗವೊಂದು. ಭಾರತದ ಕಡೆಯ ರೋಗಿಯು 1996ರ ಜುಲೈ ತಿಂಗಳಿನಲ್ಲಿ ರಾಜಸ್ಥಾನದಲ್ಲಿ ಕಂಡುಬಂದನು. 2000ದಲ್ಲಿ ದೇಶವು ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆಯು ಪ್ರಮಾಣಪತ್ರವನ್ನು ಕೊಟ್ಟಿತು. ಒಂದು ದೇಶದಿಂದ ಹೋದರೆ ಅದು ನಿವಾರಣೆ. ಭೂಮಿಯ ಮೇಲೆ ಎಲ್ಲಿಯೂ ಇಲ್ಲದೆ ಹೋದರೆ ನಿರ್ಮೂಲನ. ಸಿಡುಬು ನಿರ್ಮೂಲವಾಯಿತೆಂದು 1980ರಲ್ಲಿ ಸಾರಿದರು. ನಾರುಹುಣ್ಣು ಆಫ್ರಿಕದ ಕೆಲವೆಡೆ ಕೆಲವೇ ಜನರಲ್ಲಿ ಇನ್ನೂ ಉಳಿದಿದೆ. ಕುಷ್ಠವನ್ನು ‘ನಿವಾರಿಸಿದೆವು’ ಎಂದು 2005ರ ಕೊನೆಯಲ್ಲಿ ಹೇಳಿದ್ದಕ್ಕಾದರೋ ಹತ್ತು ಸಾವಿರ ಜನಕ್ಕೆ ಒಬ್ಬ ರೋಗಿಗಿಂತ ಕಡಿಮೆಯಾಯಿತೆಂದಷ್ಟೇ ಅರ್ಥ. ಒಂದೇ ಮಾತನ್ನು ಎರಡು ಅಳತೆಗಳಿಗೆ ಬಳಸಿದ್ದು ನಮಗೆ ಸರಿದೋರಲಿಲ್ಲ. ರೋಗವು ಹೋಗಿಯೇ ಬಿಟ್ಟಿತೆಂದು ತಿಳಿದು ಮಚ್ಚೆಯನ್ನು ತೋರಿಸದೆ ಕುಳಿತವರನ್ನು ನಾವು ಬಲ್ಲೆವು.

ಎಷ್ಟು ಜನರಿಗೆ ರೋಗವುಂಟೆಂದು ಕೇಳುವುದರಲ್ಲಿಯೂ ಎರಡು ಪ್ರಶ್ನೆಗಳಿವೆ. ಬಸವಕಲ್ಯಾಣದ ತ್ರಿಪುರಾಂತ ಕೆರೆಯನ್ನು ಕಂಡವರಿಗೆ ಇದು ಬೇಗನೆ ತಿಳಿಯುತ್ತದೆ. ಮಳೆಗಾಲದಲ್ಲಿ ಕೆರೆಗೆ ಹೊಸದಾಗಿ ಹರಿದು ಬರುವ ನೀರು ಒಂದು, ಯಾವುದೊಂದು ದಿನ ಕೆರೆಯಲ್ಲಿ ನಿಂತಿರುವ ನೀರು ಇನ್ನೊಂದು. ವರ್ಷದಲ್ಲಿ ಹೊಸದಾಗಿ ರೋಗ ಬಂದವರ ಲೆಕ್ಕವು ಹರಿವು; ಈ ದಿನ ರೋಗವುಳ್ಳವರ ಒಟ್ಟು ಲೆಕ್ಕವು ನಿಲುವು. ಗುಣವಾದವರೂ ಸತ್ತವರೂ ಕೋಡಿಯಿಂದ ಹೊರಗೆ ಹೋದ ನೀರು. ಸಕ್ಕರೆ ರೋಗಕ್ಕೆ ಒಳ್ಳೆಯ ಔಷಧವು ಬಂದಷ್ಟೂ ರೋಗಿಗಳ ಸಂಖ್ಯೆಯು ಏರುವುದೇಕೆಂದು ಕೇಳಿದವರಿಗೆ ಉತ್ತರವು ಇದೇ: ಜನರು ಸಾಯದೆ ಬದುಕಿದ್ದಾರೆ, ಕೋಡಿಯು ಕಿರಿದಾಗಿದೆ.

ಸಾಂಕ್ರಾಮಿಕವೆಂಬ ನಮ್ಮ ಶಬ್ದದ ಮೇಲೆ ಒಂದು ದೂರು ನಮಗುಂಟು. ಒಬ್ಬರಿಂದೊಬ್ಬರಿಗೆ ಅಂಟುವುದಕ್ಕೂ ಅದನ್ನೇ ಹೇಳುತ್ತೇವೆ, ವಾಡಿಕೆಗಿಂತ ಹೆಚ್ಚಾಗಿ ಒಮ್ಮೆಲೇ ಹಬ್ಬುವುದಕ್ಕೂ ಅದನ್ನೇ ಹೇಳುತ್ತೇವೆ. ಎರಡೂ ಒಂದಲ್ಲ. ಜೋಳವನ್ನೇ ಮುಖ್ಯ ಆಹಾರವಾಗಿ ಉಣ್ಣುವ ದಕ್ಷಿಣದ ಪ್ರಸ್ಥಭೂಮಿಯ ಬಡವರಲ್ಲಿ ಪೆಲಾಗ್ರ ಎಂಬ ರೋಗವು ಒಂದು ಕಾಲದಲ್ಲಿ ಬಹಳವಾಗಿ ಕಾಣುತ್ತಿತ್ತು. ಬಿಸಿಲು ಬೀಳುವ ಕುತ್ತಿಗೆ, ಮುಂಗೈಗಳ ಚರ್ಮವು ಕಪ್ಪಾಗಿ ಒರಟಾಗುತ್ತಿತ್ತು, ಭೇದಿಯಾಗುತ್ತಿತ್ತು, ಬುದ್ಧಿಯು ಕಲಕುತ್ತಿತ್ತು. ಒಂದೇ ಮನೆಯಲ್ಲಿ ಇಬ್ಬರು ಮೂವರಿಗೆ ಬರುತ್ತಿದ್ದುದರಿಂದ ಅಂಟುರೋಗವೆಂದು ಹೆದರುವುದು ಸಹಜವೇ. ಅಂಟುತ್ತಿದ್ದುದು ರೋಗವಲ್ಲ, ಬಡತನ. ಹೈದರಾಬಾದಿನ ಪೋಷಣಸಂಸ್ಥೆಯಲ್ಲಿ ಗೋಪಾಲನ್ ಮತ್ತು ಶ್ರೀಕಂಠಯ್ಯ ಎಂಬ ವಿಜ್ಞಾನಿಗಳು 1960ರಲ್ಲಿ ಇದಕ್ಕೂ ಜೋಳದಲ್ಲಿ ಅಧಿಕವಾಗಿರುವ ಲ್ಯೂಸಿನ್ ಎಂಬ ಅಂಶಕ್ಕೂ ಸಂಬಂಧವುಂಟೆಂಬ ವಾದವನ್ನು ಮುಂದಿಟ್ಟರು. ಬೇಳೆ, ಹಾಲು, ಸೊಪ್ಪುಗಳೊಡನೆ ಉಂಡರೆ ರೊಟ್ಟಿಯಿಂದ ಭಯವಿಲ್ಲವೆಂದು ಇಲ್ಲಿಯೇ ಹೇಳಿಬಿಡುತ್ತೇವೆ. ಇಲ್ಲವಾದರೆ ನಮ್ಮ ಊರಿನವರು ನಮ್ಮನ್ನು ಕ್ಷಮಿಸಲಾರರು. ಇದಕ್ಕೆ ವಿರುದ್ಧವಾದ ಉದಾಹರಣೆಯನ್ನು ಎಲ್ಲರೂ ಬಲ್ಲರು. ಜಗತ್ತನ್ನೇ ವ್ಯಾಪಿಸಿದ ಕೋವಿಡಿನಿಂದ ನಮ್ಮ ದೇಶದಲ್ಲಿ ಮೊದಲ ಸಾವು ಸಂಭವಿಸಿದ್ದು ನಮ್ಮ ನೆರೆಯ ಕಲಬುರಗಿಯವರೊಬ್ಬರಿಗೆ, 2020ರ ಮಾರ್ಚ್ 10ರಂದು. ಆ ವರ್ಷ ಹಳ್ಳಿಗಳಲ್ಲಿ ಪಾಸಿಟಿವ್ ಎಂಬ ಮಾತಿಗೆ ಕೇಡು ಎಂದೂ ನೆಗೆಟಿವ್ ಎಂಬುದಕ್ಕೆ ಶುಭವೆಂದೂ ಅರ್ಥವಾದುದು ಶಬ್ದಶಾಸ್ತ್ರಜ್ಞರಿಗೆ ಒಂದು ವಿನೋದ.

ಇನ್ನು ಒಂದೇ ಶಬ್ದವನ್ನು ಹೇಳಿ ಮುಗಿಸುತ್ತೇವೆ. ರೋಗವು ಮುಂದೆ ಹೇಗೆ ನಡೆಯುವುದೆಂಬ ಮುನ್ನರಿವಿಗೆ ಆಯುರ್ವೇದದವರು ಸಾಧ್ಯ, ಅಸಾಧ್ಯ ಎಂಬ ಎರಡರ ನಡುವೆ ಯಾಪ್ಯವೆಂಬ ಮೂರನೆಯದನ್ನು ಇಟ್ಟಿದ್ದಾರೆ. ವಾಸಿಯಾಗದು, ಆದರೆ ಚಿಕಿತ್ಸೆಯು ನಡೆಯುತ್ತಿರುವ ತನಕ ಮನುಷ್ಯನನ್ನು ಸುಖವಾಗಿ ನಡೆಸಿಕೊಂಡು ಹೋಗಬಹುದು ಎಂದು ಅದರ ತಾತ್ಪರ್ಯ. ಬೀಳಲಿರುವ ಮನೆಗೆ ಕೊಡುವ ಊರೆಗಂಬದ ಹೋಲಿಕೆಯನ್ನು ಸುಶ್ರುತರು ಇದಕ್ಕೆ ಕೊಟ್ಟಿದ್ದಾರೆ. ಬಸವಕಲ್ಯಾಣದಲ್ಲಿದ್ದ ನಮ್ಮ ದೊಡ್ಡಮ್ಮನವರಿಗೆ ಸಕ್ಕರೆ ರೋಗವು ಬಂದಾಗ ಒಬ್ಬ ವೈದ್ಯರು ‘ಇದು ಗುಣವಾಗುವ ರೋಗವಲ್ಲ’ ಎಂದು ಹೇಳಿ ಗುಳಿಗೆಗಳನ್ನು ಬರೆದುಕೊಟ್ಟರು. ಮಾತು ಸುಳ್ಳಲ್ಲ. ಆದರೆ ಗುಣವಾಗದ ರೋಗಕ್ಕೆ ದುಡ್ಡನ್ನು ಸುರಿಯುವುದೇಕೆಂದು ದೊಡ್ಡಮ್ಮನವರು ಗುಳಿಗೆಯನ್ನು ನಿಲ್ಲಿಸಿದರು. ನಾವು ಆಗ ದೂರದ ಊರಿನಲ್ಲಿದ್ದೆವು, ನಮಗೆ ತಿಳಿಸಲೂ ಇಲ್ಲ. ಎರಡು ವರ್ಷಗಳ ಮೇಲೆ ಬಲಗಾಲಿನ ಎರಡು ಬೆರಳುಗಳನ್ನು ತೆಗೆಯಬೇಕಾಯಿತು. ಆಸ್ಪತ್ರೆಯಿಂದ ಹುಮನಾಬಾದಿಗೆ ಕರೆತಂದು, ಯಾಪ್ಯವೆಂದರೇನೆಂಬುದನ್ನೂ ಊರೆಗಂಬದ ಮಾತನ್ನೂ ಹೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, ‘ಹಂಗಂದ್ರ ಆಸರಿ ಕೊಡಬೇಕು ಅನ್ನಬೇಕಿತ್ತಲ್ಲವ್ವ, ಗುಣ ಆಗಲ್ಲ ಅಂತ ಯಾಕಂದ್ರು?’ ಎಂದರು.

ಅಂದಿನಿಂದ ದಿನಕ್ಕೆ ಎರಡು ಸಲ ಇನ್ಸುಲಿನ್ ಚುಚ್ಚಿಕೊಳ್ಳುವುದನ್ನು ತಾವೇ ಕಲಿತು ಹನ್ನೊಂದು ವರ್ಷ ಬದುಕಿದರು. ಕಡೆಗೆ ಅವರು ತೀರಿಕೊಂಡದ್ದು ಶ್ವಾಸಕೋಶದ ಉರಿಯೂತದಿಂದ. ಮರಣದ ಕಾರಣವನ್ನು ಬರೆಯುವ ಪತ್ರದಲ್ಲಿ ಎರಡು ಭಾಗಗಳಿರುತ್ತವೆ: ಸಾವನ್ನು ತಂದ ರೋಗಗಳ ಸರಪಣಿಗೆ ಮೊದಲನೆಯದು, ಜೊತೆಗ​ಿದ್ದು ಬಲಗುಂದಿಸಿದ ಇತರ ರೋಗಗಳಿಗೆ ಎರಡನೆಯದು. ನಾವು ಅದನ್ನು ಕೈಗೆ ತೆಗೆದುಕೊಂಡು ಓದಿದೆವು. ಸಕ್ಕರೆ ರೋಗದ ಹೆಸರು ಎರಡನೆಯ ಭಾಗದಲ್ಲಿತ್ತು.